ಹಿತ್ತಲ ಕೋಳಿಗೆ ಜಂತುಹುಳು: ಬೆಳ್ಳುಳ್ಳಿ, ಕುಂಬಳ ಬೀಜ ಸಾಕಾ, ಔಷಧಿ ಕೊಡಲೇಬೇಕಾ?

ಹಿತ್ತಲಗೂಡು:
ಎಲ್ಲರಿಗೂ ನಮಸ್ಕಾರ. ಮೊಟ್ಟೆಗೆ ಅಂತ ಒಂದಷ್ಟು ಕೋಳಿ ಸಾಕಿದ್ದೇನೆ. ಹಗಲೆಲ್ಲ ಹಿತ್ತಲಲ್ಲಿ ಕೆದರಿಕೊಂಡು ತಿರುಗುತ್ತವೆ. ಇವತ್ತು ಗೂಡು ಗುಡಿಸುವಾಗ ಒಂದು ಹಿಕ್ಕೆಯಲ್ಲಿ ಬಿಳಿ ಹುಳು ಕಂಡಿತು. ಬೆರಳುದ್ದ ಇತ್ತು, ಎರಡೂ ತುದಿ ಚೂಪು, ಇನ್ನೂ ಅಲ್ಲಾಡುತ್ತಿತ್ತು. ಒಂದು ಹೇಂಟೆ ಸೊರಗಿದೆ, ಜುಟ್ಟು ಬಿಳಿಚಿಕೊಂಡಿದೆ. ಉಳಿದವು ಚೆನ್ನಾಗಿಯೇ ಇವೆ.

ವಿಚಾರಿಸಿದರೆ ಒಬ್ಬರು ಬೆಳ್ಳುಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಕುಂಬಳ ಬೀಜ, ಮತ್ತೊಬ್ಬರು ವಿನಿಗರ್. ಮೊಟ್ಟೆ ತಿನ್ನುವವರು ಮನೆಯ ಮಕ್ಕಳು. ಕೆಮಿಕಲ್ ಕೊಡಲು ಮನಸ್ಸು ಒಪ್ಪುತ್ತಿಲ್ಲ. ಹಾಗಂತ ಕೋಳಿ ಕಳೆದುಕೊಳ್ಳೋಕೂ ಇಷ್ಟವಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಸೊಪ್ಪುಸದೆ:
ಹೆದರಬೇಡಿ. ನಾನು ಎಷ್ಟೋ ವರ್ಷದಿಂದ ಕೋಳಿ ಸಾಕುತ್ತಿದ್ದೇನೆ, ಒಂದು ಹನಿ ಔಷಧಿ ಕೊಟ್ಟವಳಲ್ಲ. ನೀರಿಗೆ ಜಜ್ಜಿದ ಬೆಳ್ಳುಳ್ಳಿ, ಆಗಾಗ ಹಸಿ ಕುಂಬಳ ಬೀಜ, ಮೇವಿಗೆ ಸ್ವಲ್ಪ ಬೇವಿನ ಸೊಪ್ಪು. ಅಷ್ಟೇ. ನನ್ನ ಕೋಳಿಗಳಿಗೆ ಹುಳುವೇ ಇಲ್ಲ.

ಪಶುವೈದ್ಯೆ:
ಹಿತ್ತಲಗೂಡು ಅವರೇ, ನೀವು ಹೇಳಿದ್ದು ನೋಡಿದರೆ ಅದು ಅಸ್ಕಾರಿಡಿಯಾ ಗ್ಯಾಲಿ. ಸಣ್ಣಕರುಳಿನಲ್ಲಿ ಇರುವ ದುಂಡುಹುಳು. ಕೋಳಿಯ ದುಂಡುಹುಳುಗಳಲ್ಲಿ ಇದೇ ದೊಡ್ಡದು, ಹೆಣ್ಣು 10 ಸೆಂಟಿಮೀಟರ್ ದಾಟುವುದೂ ಉಂಟು. ಜಾಸ್ತಿಯಾದರೆ ಕರುಳನ್ನೇ ಕಟ್ಟಿಬಿಡುತ್ತದೆ. ಒಂದು ಸಮಾಧಾನ, ಇದು ಮನುಷ್ಯರಿಗೆ ಹತ್ತುವುದಿಲ್ಲ.

ಆದರೆ ಜುಟ್ಟು ಬಿಳಿಚಿಕೊಂಡಿದ್ದಕ್ಕೆ ಹುಳುವೇ ಕಾರಣ ಅಂತ ಈಗಲೇ ತೀರ್ಮಾನ ಮಾಡಬೇಡಿ. ರಾತ್ರಿ ಟಾರ್ಚ್ ಹಿಡಿದು ಕೋಳಿ ಕೂರುವ ಕೋಲಿನ ತಳಭಾಗ, ಮರದ ಸಂದುಗೊಂದು ನೋಡಿ. ಕೆಂಪು ಉಣ್ಣೆಯಂಥ ಚಿಕ್ಕ ಹುಳ ಹರಿದಾಡುತ್ತಿದ್ದರೆ ರಕ್ತ ಹೀರುವುದು ಅದು. ಹೇಂಟೆಯನ್ನು ಎತ್ತಿಕೊಂಡು ಎದೆಮೂಳೆ ಮುಟ್ಟಿ ನೋಡಿ. ಎರಡೂ ಬದಿ ಮಾಂಸ ಇಳಿದು ಮೂಳೆ ಚಾಕುವಿನ ಅಂಚಿನಂತೆ ಕೈಗೆ ಸಿಕ್ಕರೆ ತೂಕ ಬಹಳ ಕಳೆದುಕೊಂಡಿದೆ ಅಂತ.

ಸೊಪ್ಪುಸದೆ ಅವರಿಗೆ ಒಂದು ಪ್ರಶ್ನೆ. ಹುಳುವೇ ಇಲ್ಲ ಅಂದಿರಲ್ಲ, ಅದು ಹೇಗೆ ಗೊತ್ತಾಯಿತು? ಹಿಕ್ಕೆ ಪರೀಕ್ಷೆ ಮಾಡಿಸಿದ್ದೀರಾ?

ಸೊಪ್ಪುಸದೆ:
ಪರೀಕ್ಷೆ ಯಾಕೆ ಮೇಡಂ? ಕಣ್ಣಿಗೆ ಕಂಡಿಲ್ಲ. ಕೋಳಿ ಲವಲವಿಕೆಯಿಂದ ಇವೆ, ಮೊಟ್ಟೆ ಇಡುತ್ತವೆ.

ಪಶುವೈದ್ಯೆ:
ಕಣ್ಣಿಗೆ ಕಾಣದೇ ಇರುವುದೇ ಜಾಸ್ತಿ. ಕುರುಡುಕರುಳಿನ (ಸಣ್ಣಕರುಳು, ದೊಡ್ಡಕರುಳು ಸೇರುವಲ್ಲಿ ಇರುವ ಚೀಲದಂಥ ಭಾಗ) ಹುಳು ಹೆಟೆರಾಕಿಸ್ ಒಂದು, ಒಂದೂವರೆ ಸೆಂಟಿಮೀಟರ್ ಅಷ್ಟೇ. ಕ್ಯಾಪಿಲ್ಲೇರಿಯಾ ಕೂದಲಿಗಿಂತ ತೆಳು, ಕರುಳು ಸೀಳಿ ಇಟ್ಟರೂ ಸರಿಯಾಗಿ ಕಾಣುವುದಿಲ್ಲ. ಕೋಳಿಯನ್ನು ಬೇಗ ಕೆಡಿಸುವುದು ಮಾತ್ರ ಅದೇ. ಆರೋಗ್ಯವಾಗಿರುವ ದೊಡ್ಡ ಕೋಳಿ ಸ್ವಲ್ಪ ಹುಳು ಇಟ್ಟುಕೊಂಡೂ ಆರಾಮಾಗಿ ಇರಬಲ್ಲದು. ನಿಮ್ಮವು ಹಾಗೆಯೇ ಇರಬಹುದು, ಅದು ತಪ್ಪೇನಲ್ಲ. ಆದರೆ ಅದು ಬೆಳ್ಳುಳ್ಳಿಯ ಗುಣವೋ ಕೋಳಿಯ ಗುಣವೋ ಅಂತ ಪರೀಕ್ಷೆ ಇಲ್ಲದೆ ಹೇಳಲು ಬರುವುದಿಲ್ಲ.

ಮೊದಲಮರಿ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹಿಕ್ಕೆ ಪರೀಕ್ಷೆ ಅಂದರೆ ಏನು? ಮನೆಯಲ್ಲೇ ಮಾಡಬಹುದಾ?

ಕನ್ನಡಕದಣ್ಣ:
ನನ್ನ ಇಷ್ಟದ ವಿಷಯ ಬಂತು. ಪಶು ಆಸ್ಪತ್ರೆಯ ಲ್ಯಾಬಿಗೆ ಕೊಟ್ಟರೆ ಅವರೇ ಮಾಡುತ್ತಾರೆ. ಸೂಕ್ಷ್ಮದರ್ಶಕ ಇದ್ದರೆ ಮನೆಯಲ್ಲೂ ಆಗುತ್ತದೆ, ಸ್ವಲ್ಪ ವಾಸನೆ ತಡೆದುಕೊಳ್ಳಬೇಕು ಅಷ್ಟೇ.

ಬಿಸಿನೀರಿಗೆ ಉಪ್ಪು ಹಾಕುತ್ತಾ ಹೋಗಿ, ಇನ್ನು ಕರಗುವುದಿಲ್ಲ ಅಂತ ತಳದಲ್ಲಿ ಉಳಿಯುವ ತನಕ. ತಣ್ಣಗಾಗಲಿ. ಬೇರೆ ಬೇರೆ ಕೋಳಿಯ ಹೊಸ ಹಿಕ್ಕೆ ಸೇರಿಸಿ ಒಂದಿಷ್ಟು ತೆಗೆದುಕೊಂಡು ಈ ಉಪ್ಪುನೀರಲ್ಲಿ ಚೆನ್ನಾಗಿ ಕಲಸಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ. ಆ ಜಾಲರಿ ಮತ್ತೆ ಅಡುಗೆಮನೆಗೆ ಹೋಗಬಾರದು! ಸೋಸಿದ ನೀರನ್ನು ಚಿಕ್ಕ ಕೊಳವೆಗೆ ಅಂಚು ತುಂಬ ಹಾಕಿ, ಮೇಲೆ ಗಾಜಿನ ಕವರ್‌ಸ್ಲಿಪ್ ಇಟ್ಟು ಕಾಲು ಗಂಟೆ ಬಿಡಿ. ಹುಳುವಿನ ಮೊಟ್ಟೆ ಉಪ್ಪುನೀರಿಗಿಂತ ಹಗುರ, ತೇಲಿ ಬಂದು ಗಾಜಿಗೆ ಅಂಟುತ್ತದೆ. ಆ ಗಾಜನ್ನು ಸ್ಲೈಡಿನ ಮೇಲಿಟ್ಟು 100 ಪಟ್ಟು ದೊಡ್ಡದು ಮಾಡಿ ನೋಡಿ.

ಅಸ್ಕಾರಿಡಿಯಾ, ಹೆಟೆರಾಕಿಸ್ ಎರಡರ ಮೊಟ್ಟೆಯೂ ಅಂಡಾಕಾರ, ದಪ್ಪ ಸಿಪ್ಪೆ, ಒಂದನ್ನೊಂದು ಬೇರೆ ಮಾಡುವುದು ಕಷ್ಟ. ಕ್ಯಾಪಿಲ್ಲೇರಿಯಾ ಮಾತ್ರ ಗುರುತು ತಪ್ಪುವುದಿಲ್ಲ, ಎರಡೂ ತುದಿಯಲ್ಲಿ ಬಿರಡೆ ಹಾಕಿದ ಹಾಗಿರುತ್ತದೆ. ಎಷ್ಟಿದೆ ಅಂತ ಎಣಿಸಬೇಕಾದರೆ ಮೆಕ್‌ಮಾಸ್ಟರ್ ಸ್ಲೈಡ್ ಬೇಕು, ಅದರಲ್ಲಿ ಗೆರೆ ಎಳೆದಿರುತ್ತಾರೆ.

ಇನ್ನೊಂದು. ಕೋಳಿ ಎರಡು ಥರ ಹಿಕ್ಕೆ ಹಾಕುತ್ತದೆ. ಬಿಳಿ ಟೋಪಿ ಇರುವ ಗಟ್ಟಿ ಹಿಕ್ಕೆ ಮಾಮೂಲಿ. ಆಗೊಮ್ಮೆ ಈಗೊಮ್ಮೆ ಕಂದು ಬಣ್ಣದ ಅಂಟಂಟು ಹಿಕ್ಕೆ ಬರುತ್ತದೆ, ಅದು ಕುರುಡುಕರುಳಿನದು. ಹೊಸಬರು ಅದನ್ನು ಭೇದಿ ಅಂದುಕೊಂಡು ಗಾಬರಿಯಾಗುತ್ತಾರೆ. ಹಾಗೇ ಕರುಳಿನ ಒಳಪೊರೆ ಉದುರಿ ಕೆಂಪು ಎಳೆ ಕಂಡರೆ ಹುಳು ಅಂತ ಕೂಗುತ್ತಾರೆ.

ಪಶುವೈದ್ಯೆ:
ಚೆನ್ನಾಗಿ ಹೇಳಿದಿರಿ. ಸೇರಿಸುವುದು ಒಂದೇ: ಪರೀಕ್ಷೆಯಲ್ಲಿ ಕಾಣುವುದು ಬೆಳೆದ ಹುಳು ಇಟ್ಟ ಮೊಟ್ಟೆ ಮಾತ್ರ. ಅಸ್ಕಾರಿಡಿಯಾ ಕೋಳಿಯ ಹೊಟ್ಟೆ ಸೇರಿ ಮೊಟ್ಟೆ ಇಡಲು 5ರಿಂದ 8 ವಾರ ಬೇಕು. ಹಾಗಾಗಿ ಎಳೆ ಮರಿಯ ಹಿಕ್ಕೆಯಲ್ಲಿ ಏನೂ ಕಾಣಲಿಲ್ಲ ಅಂದರೆ ಒಳಗೆ ಹುಳು ಇಲ್ಲ ಅಂತ ಅಲ್ಲ. ಲಾಡಿಹುಳುವಂತೂ ಬಹಳ ಸಲ ಇದರಲ್ಲಿ ತಪ್ಪಿಸಿಕೊಳ್ಳುತ್ತದೆ. ಹಿಕ್ಕೆಯ ಮೇಲೆ ಬಿಳಿ ತುಣುಕು ಅಲ್ಲಾಡಿದರೆ ಅದನ್ನೇ ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ.

ಗರಿಗೆದರಿ:
ಎಲ್ಲ ಸರಿ, ಬೆಳ್ಳುಳ್ಳಿ ಕೆಲಸ ಮಾಡುತ್ತಾ ಇಲ್ವಾ? ಅದಕ್ಕೆ ಉತ್ತರ ಯಾರೂ ಕೊಡಲಿಲ್ಲ.

ಕನ್ನಡಕದಣ್ಣ:
ಕೊಡುತ್ತೇನೆ. 2011ರಲ್ಲಿ ಇದನ್ನೇ ನೇರವಾಗಿ ಪರೀಕ್ಷೆ ಮಾಡಿದ್ದಾರೆ. ಕೋಳಿಗಳಿಗೆ ಬೇಕೆಂದೇ ಅಸ್ಕಾರಿಡಿಯಾ ಹತ್ತಿಸಿ, ಕೆಲವಕ್ಕೆ ಬೆಳ್ಳುಳ್ಳಿಯ ಆಲಿಸಿನ್, ಕೆಲವಕ್ಕೆ ಫ್ಲುಬೆಂಡಜೋಲ್ ಅನ್ನುವ ಜಂತಿನ ಔಷಧಿ ಕೊಟ್ಟು ನೋಡಿದರು. ಆಲಿಸಿನ್ ಕೊಟ್ಟ ಕೋಳಿಗಳ ಹುಳು ಕಡಿಮೆಯಾಗಲಿಲ್ಲ. ಫ್ಲುಬೆಂಡಜೋಲ್ ಕೆಲಸ ಮಾಡಿತು.

ಅದೇ ವರ್ಷ ಡಯಾಟಮ್ ಮಣ್ಣಿನ (ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿಯ ಚಿಪ್ಪಿನಿಂದಾದ ನಯ ಪುಡಿ) ಮೇಲೂ ಒಂದು ಅಧ್ಯಯನ ಬಂತು. ಹೊರಗೆ ಬಿಟ್ಟು ಸಾಕುವ ಎರಡು ತಳಿಯ ಮೊಟ್ಟೆ ಕೋಳಿಗಳಿಗೆ ಮೇವಿನಲ್ಲಿ 2 ಪರ್ಸೆಂಟ್ ಬೆರೆಸಿ ಕೊಟ್ಟರು. ಒಂದು ತಳಿಯಲ್ಲಿ ಕ್ಯಾಪಿಲ್ಲೇರಿಯಾ ಮೊಟ್ಟೆ ಮತ್ತು ಹೆಟೆರಾಕಿಸ್ ಹುಳು ಕಡಿಮೆಯಾದವು. ಇನ್ನೊಂದು ತಳಿ ಮೊದಲಿನಿಂದಲೇ ಹುಳುವನ್ನು ಚೆನ್ನಾಗಿ ತಡೆದುಕೊಳ್ಳುವಂಥದ್ದು. ಅಂದರೆ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಕಡಿಮೆ ಮಾಡುವುದು ಬೇರೆ, ಬಿದ್ದು ಹೋಗಿರುವ ಕೋಳಿಯನ್ನು ಎಬ್ಬಿಸುವುದು ಬೇರೆ.

ಮತ್ತೆ ಆ ಪುಡಿಯನ್ನು ಗೂಡಿನೊಳಗೆ ದೂಳೆಬ್ಬಿಸಿ ಎರಚಬೇಡಿ. ಕೋಳಿಯ ಶ್ವಾಸಕೋಶಕ್ಕೂ ಕೆಟ್ಟದ್ದು, ನಿಮ್ಮದಕ್ಕೂ.

ಸೊಪ್ಪುಸದೆ:
ಕುಂಬಳ ಬೀಜದಲ್ಲಿ ಕುಕುರ್ಬಿಟಿನ್ ಇದೆ, ಅದು ಹುಳುವಿಗೆ ಪಾರ್ಶ್ವವಾಯು ಬರಿಸುತ್ತದೆ ಅಂತ ವಿಜ್ಞಾನಿಗಳೇ ಹೇಳಿದ್ದಾರೆ. ಅದಕ್ಕೆ ಏನು ಹೇಳುತ್ತೀರಿ? ಔಷಧಿ ಮಾರುವವರಿಗೆ ಬೀಜದಿಂದ ಲಾಭ ಇಲ್ಲ, ಅದಕ್ಕೇ ಯಾರೂ ಮಾತಾಡುವುದಿಲ್ಲ.

ಪಶುವೈದ್ಯೆ:
ಕುಕುರ್ಬಿಟಿನ್ ಇರುವುದು ನಿಜ. ತೊಂದರೆ ಇರುವುದು ಅಳತೆಯಲ್ಲಿ. ಒಂದು ಬೀಜದಲ್ಲಿ ಎಷ್ಟಿದೆ ಅನ್ನುವುದು ತಳಿ ತಳಿಗೆ ಬದಲಾಗುತ್ತದೆ. ಯಾವ ಹೇಂಟೆ ಎಷ್ಟು ತಿಂದಿತು ಅಂತ ಗೊತ್ತಾಗುವುದಿಲ್ಲ. ಜೋರಿರುವ ಕೋಳಿ ನುಗ್ಗಿ ತಿನ್ನುತ್ತದೆ, ಹುಳು ಹಿಡಿದು ಸೊರಗಿದ್ದು ಮೂಲೆಯಲ್ಲಿ ನಿಂತಿರುತ್ತದೆ. ತಿನ್ನಿಸಿ, ಪೌಷ್ಟಿಕ ತಿಂಡಿಯೇ. ಅದನ್ನು ಚಿಕಿತ್ಸೆ ಅಂದುಕೊಂಡು ಕಾಯುತ್ತಾ ಕೂರಬೇಡಿ, ನನ್ನ ತಕರಾರು ಅಷ್ಟೇ.

ಗರಿಗೆದರಿ:
ನನಗೆ ಈ ನೈಸರ್ಗಿಕ, ಕೆಮಿಕಲ್ ಜಗಳವೇ ಅರ್ಥವಾಗುವುದಿಲ್ಲ. ಐವರ್‌ಮೆಕ್ಟಿನ್ ಅನ್ನುವ ಜಂತಿನ ಔಷಧಿ ಬಂದದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದ. ಜಪಾನಿನ ಸತೋಶಿ ಒಮುರಾ ಆ ಬ್ಯಾಕ್ಟೀರಿಯಾ ಹುಡುಕಿದರು, ವಿಲಿಯಂ ಕ್ಯಾಂಪ್‌ಬೆಲ್ ಅದರಿಂದ ಔಷಧಿಯ ದಾರಿ ಮಾಡಿದರು. 2015ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದು ಯಾವ ಲೆಕ್ಕಕ್ಕೆ ಸೇರುತ್ತದೆ?

ಇನ್ನೊಂದು ಕಡೆ ಹೊಗೆಸೊಪ್ಪು ನೋಡಿ. ಹಿಂದೆ ಕೋಳಿಗೆ ಜಂತಿನ ಔಷಧಿ ಅಂತ ನಿಕೋಟಿನ್ ಕೊಡುತ್ತಿದ್ದರು. ಗಿಡದಿಂದಲೇ ಬಂದದ್ದು, ಅಳತೆ ಸ್ವಲ್ಪ ಮೀರಿದರೆ ಹುಳುವಿನ ಜೊತೆ ಕೋಳಿಯೂ ಹೋಗುತ್ತದೆ. ಲೆವಾಮಿಸೋಲ್ ಅನ್ನುವ ಜಂತಿನ ಔಷಧಿ ಕೂಡ ಹುಳುವಿನ ನರದಲ್ಲಿ ನಿಕೋಟಿನ್ ಹಿಡಿಯುವ ಜಾಗವನ್ನೇ ಹಿಡಿಯುತ್ತದೆ. ವ್ಯತ್ಯಾಸ ಏನೆಂದರೆ ಅದರ ಅಳತೆ ಬಾಟಲಿಯ ಮೇಲೆ ಬರೆದಿರುತ್ತದೆ.

ಸೊಪ್ಪುಸದೆ:
ನಾನು ಹೊಗೆಸೊಪ್ಪು ಕೊಡಿ ಅಂತ ಯಾವಾಗ ಹೇಳಿದೆ?

ಗರಿಗೆದರಿ:
ನಿಮಗೆ ಹೇಳಿದ್ದಲ್ಲ ಅಕ್ಕ. ಗಿಡದ್ದು ಅಂದ ಕೂಡಲೇ ಕಣ್ಣು ಮುಚ್ಚಿಕೊಂಡು ಕೊಡುವವರಿದ್ದಾರೆ, ಅವರಿಗೆ.

ಹಿತ್ತಲಗೂಡು:
ಪರೀಕ್ಷೆಗೆ ಕೊಟ್ಟು ಬಂದೆ. ದುಂಡುಹುಳುವಿನ ಮೊಟ್ಟೆ ಬಹಳ ಇದೆ, ಕ್ಯಾಪಿಲ್ಲೇರಿಯಾ ಕೂಡ ಸ್ವಲ್ಪ ಇದೆ ಅಂದರು. ಗೂಡಿನಲ್ಲಿ ಕೆಂಪು ಹುಳ ಕಾಣಲಿಲ್ಲ. ಸೊರಗಿದ ಹೇಂಟೆಯ ಎದೆಮೂಳೆ ನೀವು ಹೇಳಿದ ಹಾಗೆಯೇ ಕೈಗೆ ಸಿಗುತ್ತದೆ. ಔಷಧಿಗೆ ಮನಸ್ಸು ಮಾಡಿದ್ದೇನೆ. ಆದರೆ ಹೆಸರುಗಳ ಪಟ್ಟಿ ನೋಡಿ ತಲೆ ಕೆಟ್ಟಿತು. ಯಾವುದು? ಮೊಟ್ಟೆ ಕತೆ ಏನು?

ಪಶುವೈದ್ಯೆ:
ಸರಿಯಾದ ತೀರ್ಮಾನ. ನಿಮ್ಮ ಕೋಳಿ ನೋಡಿದ ವೈದ್ಯರೇ ಅಳತೆ ಹೇಳಬೇಕು, ನಾನು ಔಷಧಿಗಳ ಸ್ವಭಾವ ಹೇಳುತ್ತೇನೆ.

ಪೈಪರಜೀನ್ ಹಳೆಯದು. ಬೆಳೆದ ಅಸ್ಕಾರಿಡಿಯಾವನ್ನು ಸುಸ್ತು ಮಾಡಿ ಹೊರಗೆ ಹಾಕುತ್ತದೆ, ಬೇರೆ ಹುಳುವಿಗೆ ಪ್ರಯೋಜನ ಇಲ್ಲ. ನಿಮ್ಮಲ್ಲಿ ಕ್ಯಾಪಿಲ್ಲೇರಿಯಾ ಇರುವುದರಿಂದ ಅದು ಸಾಲದು. ಫೆನ್‌ಬೆಂಡಜೋಲ್, ಫ್ಲುಬೆಂಡಜೋಲ್ ಒಂದೇ ಕುಟುಂಬದವು. ಹುಳು ಆಹಾರ ಹೀರಿಕೊಳ್ಳದ ಹಾಗೆ ಮಾಡಿ ನಿಧಾನವಾಗಿ ಕೊಲ್ಲುತ್ತವೆ, ಅದಕ್ಕೇ ಒಂದೇ ದಿನ ಕೊಟ್ಟು ಬಿಟ್ಟರೆ ಆಗುವುದಿಲ್ಲ. ದುಂಡುಹುಳು, ಕುರುಡುಕರುಳಿನ ಹುಳು, ಕ್ಯಾಪಿಲ್ಲೇರಿಯಾ ಮೂರಕ್ಕೂ ಇವೇ ಮೊದಲ ಆಯ್ಕೆ. ಲೆವಾಮಿಸೋಲ್ ದುಂಡುಹುಳುಗಳಿಗೆ ಆಗುತ್ತದೆ, ಲಾಡಿಹುಳುವಿಗೆ ಆಗುವುದಿಲ್ಲ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್. ಐವರ್‌ಮೆಕ್ಟಿನ್ ಹೇನು, ಉಣ್ಣೆಗೆ ಅಂತ ಬಳಸುವವರಿದ್ದಾರೆ. ಕರುಳಿನ ಹುಳುವಿಗೆ ಅದನ್ನು ನಂಬಬೇಡಿ, ಮೊಟ್ಟೆಯಲ್ಲಿ ಉಳಿಯುತ್ತದೆ.

ಮೊಟ್ಟೆಯ ವಿಷಯ ದೇಶದಿಂದ ದೇಶಕ್ಕೆ, ಬಾಟಲಿಯಿಂದ ಬಾಟಲಿಗೆ ಬೇರೆ. ಅಮೆರಿಕದಲ್ಲಿ ನೀರಿಗೆ ಬೆರೆಸುವ ಒಂದು ಫೆನ್‌ಬೆಂಡಜೋಲ್‌ಗೆ 2018ರಿಂದ ಮೊಟ್ಟೆ ಕೋಳಿಗೂ ಅನುಮತಿ ಇದೆ. ಕೋಳಿಯ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ, 5 ದಿನ. ಆ ದಿನಗಳ ಮೊಟ್ಟೆಯನ್ನೂ ತಿನ್ನಬಹುದು. ಬ್ರಿಟನ್ನಿನಲ್ಲಿ ಫ್ಲುಬೆಂಡಜೋಲ್‌ಗೆ ಹೀಗೇ ಇದೆ, ಅದನ್ನು ಮೇವಿನಲ್ಲಿ 7 ದಿನ ಕೊಡುತ್ತಾರೆ. ಆದರೆ ಮೇಕೆಗೋ ದನಕ್ಕೋ ಅಂತ ಇರುವ ಬಾಟಲಿಯನ್ನು ತಂದು ಕೋಳಿಗೆ ಕೊಟ್ಟರೆ ಈ ಮಾತು ಅನ್ವಯಿಸುವುದಿಲ್ಲ. ಆಗ ಎಷ್ಟು ದಿನ ಮೊಟ್ಟೆ ಬಿಡಬೇಕು ಅಂತ ವೈದ್ಯರನ್ನು ಕೇಳಿ. ಬಿಟ್ಟ ಮೊಟ್ಟೆಯನ್ನು ಬೇಯಿಸಿ ಮತ್ತೆ ಕೋಳಿಗೇ ಹಾಕಬೇಡಿ.

ಮೊದಲಮರಿ:
ನೀರಿಗೆ ಹಾಕುವುದೇ ಸುಲಭ ಅಲ್ವಾ? ಹಿಡಿದು ಕುಡಿಸುವುದು ಯಾರು!

ಗೂಡುಗಾವಲು:
ಸುಲಭ ಹೌದು, ಮೋಸವೂ ಹೌದು. ಮಾಮೂಲಿ ಫೆನ್‌ಬೆಂಡಜೋಲ್ ದ್ರವ ನೀರಲ್ಲಿ ಕರಗುವುದಿಲ್ಲ, ಬೆಳ್ಳಗೆ ತಳದಲ್ಲಿ ಕೂರುತ್ತದೆ. ಮೇಲಿನ ನೀರು ಕುಡಿದ ಕೋಳಿಗೆ ಏನೂ ಸಿಗಲಿಲ್ಲ, ಕೊನೆಗೆ ತಳ ನೆಕ್ಕಿದ್ದಕ್ಕೆ ಜಾಸ್ತಿ. ನೀರಿಗೆ ಅಂತಲೇ ಮಾಡಿದ್ದು ಬೇರೆ ಸಿಗುತ್ತದೆ, ಅದಾದರೆ ಸರಿ. ಕಾಯಿಲೆ ಬಿದ್ದ ಕೋಳಿ ನೀರನ್ನೂ ಕಡಿಮೆ ಕುಡಿಯುತ್ತದೆ, ಅದನ್ನು ಮರೆಯಬೇಡಿ.

ಕತ್ತಲಾದ ಮೇಲೆ ಹಿಡಿಯಿರಿ, ಕೋಲಿನ ಮೇಲೆ ಕೂತ ಕೋಳಿ ಗಲಾಟೆ ಮಾಡುವುದಿಲ್ಲ. ನೀವು ಕೋಳಿ ಹಿಡಿದು ತಕ್ಕಡಿ ಹತ್ತಿ, ಆಮೇಲೆ ಕೋಳಿ ಬಿಟ್ಟು ಹತ್ತಿ. ಕಳೆದರೆ ಅದರ ತೂಕ. ಅಂದಾಜಿನಲ್ಲಿ ಕೊಟ್ಟರೆ ಸಾಮಾನ್ಯವಾಗಿ ಕಡಿಮೆಯೇ ಬೀಳುತ್ತದೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದು ಕೊಕ್ಕಿನ ಪಕ್ಕದಿಂದ ಒಂದೊಂದೇ ಹನಿ ಬಿಡಿ, ನುಂಗಲು ಬಿಡುವು ಕೊಡಿ. ಬಾಯಿ ಅಗಲಿಸಿದರೆ ನಾಲಗೆಯ ಬುಡದಲ್ಲಿ ಒಂದು ಸೀಳು ತೆರೆದು ಮುಚ್ಚುವುದು ಕಾಣುತ್ತದೆ. ಅದು ಉಸಿರಿನ ದಾರಿ. ಒಮ್ಮೆಲೇ ಪಿಚಕಾರಿ ಹೊಡೆದರೆ ಔಷಧಿ ಅಲ್ಲಿಗೆ ಹೋಗುತ್ತದೆ. ಇನ್ನೂ ಸುಲಭ ಬೇಕಾದರೆ ಕೋಳಿಗೆ ಇಷ್ಟವಾದ ತಿಂಡಿಯ ತುಣುಕಿನ ಮೇಲೆ ಹನಿಸಿ ಒಂದೊಂದಕ್ಕೇ ಬೇರೆ ಬೇರೆ ತಿನ್ನಿಸಿ. ಕೊಟ್ಟ ಕೋಳಿಯ ಕಾಲಿಗೆ ಬಣ್ಣದ ದಾರ ಕಟ್ಟಿ. ಇಲ್ಲದಿದ್ದರೆ ಒಂದಕ್ಕೆ ಎರಡು ಸಲ, ಇನ್ನೊಂದಕ್ಕೆ ಇಲ್ಲವೇ ಇಲ್ಲ.

ಕನ್ನಡಕದಣ್ಣ:
ಪುಕ್ಕ ಉದುರಿ ಹೊಸದು ಬರುವ ಕಾಲದಲ್ಲಿ ಫೆನ್‌ಬೆಂಡಜೋಲ್ ಕೊಡುವ ಮುಂಚೆ ಒಂದು ಮಾತು ಕೇಳಿ. ಪಾರಿವಾಳಗಳಲ್ಲಿ ಬೆಳೆಯುತ್ತಿರುವ ಪುಕ್ಕ ಸೊಟ್ಟಗಾಗಿದ್ದು ದಾಖಲಾಗಿದೆ. ಕೋಳಿ ತೀರಾ ಕಷ್ಟದಲ್ಲಿದ್ದರೆ ಪುಕ್ಕ ನೋಡಿಕೊಂಡು ಕೂರುವುದಲ್ಲ, ಆದರೆ ಅವಸರ ಇಲ್ಲದಿದ್ದರೆ ಪುಕ್ಕ ಬಲಿಯುವ ತನಕ ಕಾಯಬಹುದು.

ಗರಿಗೆದರಿ:
ನನ್ನದು ಬೇರೆ ಸಮಸ್ಯೆ. ಒಂದು ಕೋಳಿ ಕತ್ತು ಚಾಚಿ ಬಾಯಿ ಬಿಡುತ್ತದೆ. ಗಂಟಲುಹುಳು ಅಲ್ವಾ?

ಪಶುವೈದ್ಯೆ:
ಇರಬಹುದು, ಇಲ್ಲದೇ ಇರಬಹುದು. ಗಂಟಲುಹುಳು ಅಂದರೆ ಸಿಂಗಾಮಸ್. ಗಾಳಿಕೊಳವೆಯಲ್ಲಿ ಇರುತ್ತದೆ, ಕೆಂಪಗೆ ಇರುತ್ತದೆ, ಗಂಡು ಹೆಣ್ಣು ಬೆಸೆದುಕೊಂಡೇ ಇರುವುದರಿಂದ ಇಂಗ್ಲಿಷಿನ ವೈ ಅಕ್ಷರದ ಆಕಾರ. ಎರೆಹುಳು, ಬಸವನಹುಳು ತಿಂದರೆ ಬರುತ್ತದೆ. ಆದರೆ ಬಾಯಿ ಬಿಡುವ ಕೋಳಿಗಳಲ್ಲಿ ಬಹಳಷ್ಟಕ್ಕೆ ಇರುವುದು ಉಸಿರಾಟದ ಸೋಂಕು ಅಥವಾ ಬಿಸಿಲಿನ ಝಳ. ಕಣ್ಣು, ಮೂಗಿನಲ್ಲಿ ನೀರು, ಗೊರಗೊರ ಸದ್ದು ಇದ್ದರೆ ಜಂತಿನ ಔಷಧಿ ಕೊಡುತ್ತಾ ದಿನ ಕಳೆಯಬೇಡಿ, ತೋರಿಸಿ.

ಎಳೆ ಮರಿ ರಕ್ತ ಭೇದಿ ಮಾಡಿದರೂ ಹಾಗೇ. ಅದು ಬಹುತೇಕ ಕಾಕ್ಸಿಡಿಯೋಸಿಸ್. ಐಮೇರಿಯಾ ಅನ್ನುವುದು ಹುಳು ಅಲ್ಲ, ಒಂದೇ ಕೋಶದ ಜೀವಿ. ಅದಕ್ಕೆ ಆಂಪ್ರೋಲಿಯಂ ಥರದ್ದು ಬೇಕು, ಅದೂ ತಡ ಮಾಡದೆ. ಫೆನ್‌ಬೆಂಡಜೋಲ್ ಕೊಟ್ಟರೂ ಬೆಳ್ಳುಳ್ಳಿ ಕೊಟ್ಟರೂ ಮರಿ ಉಳಿಯುವುದಿಲ್ಲ.

ಗೂಡುಗಾವಲು:
ಎಲ್ಲರೂ ಕೋಳಿಯ ಹೊಟ್ಟೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಹುಳು ಇರುವುದು ನೆಲದಲ್ಲಿ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಬೆಚ್ಚಗೆ, ತೇವವಾಗಿದ್ದರೆ ಸುಮಾರು ಎರಡು ವಾರಕ್ಕೆ ಸೋಂಕು ಹತ್ತಿಸಲು ತಯಾರು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಕಾಯುತ್ತಾ ಬಿದ್ದಿರುತ್ತದೆ. ಫಿನಾಯಿಲ್‌ಗೆಲ್ಲ ಬಗ್ಗುವುದಿಲ್ಲ. ಔಷಧಿ ಕೊಟ್ಟು ಅದೇ ನೆಲಕ್ಕೆ ಬಿಟ್ಟರೆ ಮರುದಿನದಿಂದ ಮತ್ತೆ ಹೆಕ್ಕಲು ಶುರು.

ಬಿಸಿಲು ಮತ್ತು ಒಣ ನೆಲಕ್ಕೆ ಅದು ಹೆದರುತ್ತದೆ. ಹಾಗಾಗಿ ಹುಲ್ಲು ಗಿಡ್ಡ ಕತ್ತರಿಸಿ, ನೆಲಕ್ಕೆ ಬಿಸಿಲು ತಾಗಲಿ. ನೀರಿನ ಪಾತ್ರೆ ಸುತ್ತ ಯಾವಾಗಲೂ ಕೆಸರು ಇರುತ್ತದಲ್ಲ, ಅದೇ ಹುಳುವಿನ ತವರು. ಪಾತ್ರೆಯನ್ನು ಎತ್ತರದಲ್ಲಿಡಿ, ಜಾಗ ಬದಲಿಸುತ್ತಿರಿ. ಕೋಲಿನ ಕೆಳಗಿನ ಹಿಕ್ಕೆಯನ್ನು ದಿನಾ ಎತ್ತಿ, ರಾತ್ರಿಯದ್ದೆಲ್ಲ ಅಲ್ಲೇ ಬಿದ್ದಿರುತ್ತದೆ. ಹಾಸು ಒದ್ದೆಯಾದರೆ ಬದಲಿಸಿ. ಮೇವು ನೆಲಕ್ಕೆ ಎರಚುವುದು ಬಿಡಿ. ಜಾಗ ಇದ್ದರೆ ಎರಡು ಭಾಗ ಮಾಡಿ ಒಂದಕ್ಕೆ ಬಿಡುವು ಕೊಡಿ. ಮರಿಗಳನ್ನು ದೊಡ್ಡ ಕೋಳಿ ತಿರುಗಿದ ನೆಲದಲ್ಲಿ ಬೆಳೆಸಬೇಡಿ, ಮೂರು ತಿಂಗಳೊಳಗಿನವಕ್ಕೆ ಹುಳು ತಡೆಯುವ ಶಕ್ತಿ ಕಡಿಮೆ. ಹೊಸ ಕೋಳಿ ತಂದರೆ ಬೇರೆ ಇಟ್ಟು, ಪರೀಕ್ಷೆ ಮಾಡಿಸಿ, ಆಮೇಲೆ ಸೇರಿಸಿ.

ಸುಣ್ಣ ಎರಚಿದ ನೆಲಕ್ಕೆ ಕೂಡಲೇ ಕೋಳಿ ಬಿಡಬೇಡಿ, ಪಾದ ಸುಡುತ್ತದೆ.

ಸೊಪ್ಪುಸದೆ:
ಇದನ್ನು ನಾನು ಒಪ್ಪುತ್ತೇನೆ. ನಮ್ಮಲ್ಲಿ ಜಾಗ ದೊಡ್ಡದು, ಕೋಳಿ ಕಡಿಮೆ, ಗೂಡು ಎಳೆದುಕೊಂಡು ಹೋಗುವಂಥದ್ದು. ಬೆಳ್ಳುಳ್ಳಿಗಿಂತ ಇದೇ ಕೆಲಸ ಮಾಡುತ್ತಿದೆ ಅಂತ ನೀವು ಹೇಳುತ್ತೀರಿ ಅಂತ ಗೊತ್ತು! ಪರೀಕ್ಷೆಗೆ ಒಮ್ಮೆ ಕೊಟ್ಟು ನೋಡುತ್ತೇನೆ. ಬೆಳ್ಳುಳ್ಳಿ ಮಾತ್ರ ಬಿಡುವುದಿಲ್ಲ.

ಪಶುವೈದ್ಯೆ:
ಬಿಡಬೇಡಿ, ಅತಿಯಾಗದಿದ್ದರೆ ಸಾಕು. ನೀರಿಗೆ ವಿನಿಗರ್ ಹಾಕುವವರು ತಗಡಿನ ಪಾತ್ರೆಯಲ್ಲಿ ಹಾಕಬೇಡಿ, ಅದರ ಸತು ಕರಗಿ ನೀರಿಗೆ ಸೇರುತ್ತದೆ. ವಿನಿಗರ್‌ನಿಂದ ಹುಳು ಹೋಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ.

ಮೊದಲಮರಿ:
ಹಾಗಾದರೆ ತಿಂಗಳಿಗೊಮ್ಮೆ ಎಲ್ಲಕ್ಕೂ ಔಷಧಿ ಕೊಟ್ಟುಬಿಟ್ಟರೆ ಈ ತಲೆನೋವೇ ಇಲ್ಲ ಅಲ್ವಾ?

ಕನ್ನಡಕದಣ್ಣ:
ಅದೊಂದು ಮಾಡಬೇಡಿ. ಅಮೆರಿಕದ ಟರ್ಕಿ ಫಾರಂಗಳಲ್ಲಿ ಹೀಗೇ ಮತ್ತೆ ಮತ್ತೆ ಫೆನ್‌ಬೆಂಡಜೋಲ್ ಕೊಟ್ಟು, ಅಲ್ಲಿನ ಒಂದು ದುಂಡುಹುಳು ಈಗ ಆ ಔಷಧಿಗೆ ಜಗ್ಗುವುದಿಲ್ಲ. ಕೋಳಿಯ ಅಸ್ಕಾರಿಡಿಯಾಕ್ಕೆ ಹತ್ತಿರದ ಸಂಬಂಧಿ ಅದು. ಸುಮ್ನೆ ಕ್ಯಾಲೆಂಡರ್ ನೋಡಿಕೊಂಡು ಕೊಡುವುದಕ್ಕಿಂತ ಪರೀಕ್ಷೆ ನೋಡಿ ಕೊಡಿ. ಔಷಧಿ ಮುಗಿದ ಎರಡು ವಾರಕ್ಕೆ ಮತ್ತೊಮ್ಮೆ ಹಿಕ್ಕೆ ಪರೀಕ್ಷೆ ಮಾಡಿಸಿದರೆ ಕೆಲಸ ಮಾಡಿತೋ ಇಲ್ಲವೋ ಅಂತ ಅಲ್ಲೇ ಗೊತ್ತಾಗುತ್ತದೆ.

ಹಿತ್ತಲಗೂಡು:
ವೈದ್ಯರು ಫೆನ್‌ಬೆಂಡಜೋಲ್ ಬರೆದುಕೊಟ್ಟರು, ಬಾಯಿಗೇ ಕುಡಿಸುತ್ತಿದ್ದೇವೆ. ಎರಡನೇ ದಿನ ಹಿಕ್ಕೆಯಲ್ಲಿ ಹುಳು ಗೊಂಚಲಾಗಿ ಬಂತು, ನೋಡಲಾಗಲಿಲ್ಲ. ಸೊರಗಿದ ಹೇಂಟೆಗೆ ಬೇರೆ ಗೂಡಿನಲ್ಲಿ ಮೇವು ಕೊಡುತ್ತಿದ್ದೇನೆ, ತಿನ್ನಲು ಶುರು ಮಾಡಿದೆ. ಕೊನೆಯ ಪ್ರಶ್ನೆ. ಈ ಹಿಕ್ಕೆಯನ್ನು ತರಕಾರಿ ಗಿಡದ ಗೊಬ್ಬರಕ್ಕೆ ಹಾಕಬಹುದಾ? ಪಕ್ಕದ ಮನೆಯವರು ಟರ್ಕಿ ಸಾಕಿದ್ದಾರೆ, ಅವು ಆಗಾಗ ಬೇಲಿ ದಾಟಿ ಬರುತ್ತವೆ.

ಗೂಡುಗಾವಲು:
ಹಸಿ ಹಿಕ್ಕೆ ಹಾಕಬೇಡಿ. ಕೋಳಿ ಕೆದರಲು ಆಗದ ಕಡೆ ಗುಡ್ಡೆ ಹಾಕಿ, ಮುಚ್ಚಿ, ಒಳಗೆ ಚೆನ್ನಾಗಿ ಕಾವು ಏರುವ ಹಾಗೆ ಆಗಾಗ ತಿರುವಿ ಹಾಕಿ. ಕಾವು ಏರದೆ ಸುಮ್ಮನೆ ಒಣಗಿದ ಗುಡ್ಡೆಯ ಅಂಚಿನಲ್ಲಿ ಮೊಟ್ಟೆ ಉಳಿದಿರುತ್ತದೆ.

ಪಶುವೈದ್ಯೆ:
ಟರ್ಕಿ ವಿಷಯ ಹೇಳಿದ್ದು ಒಳ್ಳೆಯದಾಯಿತು. ಹೆಟೆರಾಕಿಸ್ ಹುಳುವಿನ ಮೊಟ್ಟೆಯೊಳಗೆ ಹಿಸ್ಟೊಮೋನಾಸ್ ಅನ್ನುವ ಇನ್ನೊಂದು ಜೀವಿ ಸಾಗುತ್ತದೆ. ಕೋಳಿಗೆ ಅದರಿಂದ ಅಷ್ಟು ತೊಂದರೆ ಆಗುವುದಿಲ್ಲ, ಟರ್ಕಿಗಳು ಮಾತ್ರ ಸಾಲಾಗಿ ಸಾಯುತ್ತವೆ. ನಿಮ್ಮ ವರದಿಯಲ್ಲಿ ದುಂಡುಹುಳು ಅಂತ ಬರೆದದ್ದರಲ್ಲಿ ಹೆಟೆರಾಕಿಸ್ ಕೂಡ ಸೇರಿರಬಹುದು, ಎರಡರ ಮೊಟ್ಟೆಯೂ ಒಂದೇ ಥರ ಅಂತ ಕನ್ನಡಕದಣ್ಣ ಮೇಲೆ ಹೇಳಿದ್ದಾರೆ. ಪಕ್ಕದವರಿಗೆ ಇವತ್ತೇ ತಿಳಿಸಿ, ಬೇಲಿಯ ತೂತು ಮುಚ್ಚಿ. ಎರಡು ವಾರದ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಇಲ್ಲೇ ಹಾಕಿ.